ಚಿಮಣಿಯ ಬಿಳಿ ಆವಿ

ಭಾವ,

ಈ ಕೆಲಸ ಒಟ್ಟು ನುಂಗಿದ್ದು ಹನ್ನೊಂದು ವರ್ಷ, ನಲವತ್ತು ಕಿಲೋಮೀಟರ್ ಪೈಪು, ಮತ್ತೆ ನಮ್ಮಿಬ್ಬರ ಮಾತುಕತೆ. ಪೈಪು ಹಾಕಿದ ಗುತ್ತಿಗೆದಾರ ನಾನೇ. ನೀವು ಬದುಕಿದ್ದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಿರಿ.

ವಿದ್ಯುತ್ ಸ್ಥಾವರದ ಇಂಗಾಲದ ಅನಿಲವನ್ನು ಹಿಡಿದು ನೆಲದಾಳಕ್ಕೆ ಇಳಿಸುವ ಯಂತ್ರ ಇವತ್ತು ಬೆಳಿಗ್ಗೆ ಶುರುವಾಯಿತು. ಬಂದವರೆಲ್ಲ ಕತ್ತೆತ್ತಿ ಚಿಮಣಿಯನ್ನೇ ನೋಡಿದರು. ಅಲ್ಲಿಂದ ಬೆಳ್ಳಗೆ ಬರುತ್ತಲೇ ಇತ್ತು.

"ಹೊಗೆ ನಿಲ್ಲಲೇ ಇಲ್ವಲ್ರೀ," ಅಂತ ಒಬ್ಬರು ಗೊಣಗಿದರು.

ನಾನು ಮೈಕು ತಗೊಂಡೆ. "ಅದು ಬರೀ ನೀರಿನ ಆವಿ ಸ್ವಾಮಿ. ನಾವು ಹಿಡಿಯೋ ಅನಿಲ ಕಣ್ಣಿಗೆ ಕಾಣೋದೇ ಇಲ್ಲ. ಕಾಣದೇ ಇರೋದಕ್ಕೇ ಹೆದರಬೇಕು."

ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ಅಕ್ಕ ಮೆಲ್ಲಗೆ, "ಇದು ನಮ್ಮ ಮನೆಯವರ ಮಾತಲ್ವೇನೋ?" ಅಂದಳು.

ಹೌದು. ಹನ್ನೊಂದು ವರ್ಷದ ಹಿಂದೆ ಸ್ಥಾವರದ ಸಭೆಯಲ್ಲಿ ಯೋಜನೆ ಮುಂದಿಟ್ಟು ನೀವು ಇದನ್ನೇ ಹೇಳಿದಾಗ, "ಹೊಗೆ ತುಂಬೋಕೆ ಬಾಟ್ಲಿ ನಾನು ತರ್ಲಾ ಭಾವ?" ಅಂದಿದ್ದೆ. ಎಲ್ಲರೂ ನಕ್ಕರು, ಕಡತ ಮುಚ್ಚಿತು. ಆಮೇಲೆ ನೀವು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ನಾನೂ ಕರೆಯಲಿಲ್ಲ. ಮುಂದೆ ಅದೇ ಕಡತ ಮತ್ತೆ ತೆರೆದಾಗ ಪೈಪಿನ ಗುತ್ತಿಗೆ ಮಾತ್ರ ಹಿಡಿದೆ.

"ಹೇಳು, ಮೈಕು ಇನ್ನೂ ನಿನ್ನ ಕೈಯಲ್ಲೇ ಇದೆ," ಅಂದಳು ಅಕ್ಕ.

ನಾನು ಅದನ್ನು ಮ್ಯಾನೇಜರ್ ಕೈಗೆ ಕೊಟ್ಟುಬಿಟ್ಟೆ.

ಸ್ಥಾವರಕ್ಕೆ ಒಳ್ಳೆಯ ಹೆಸರು ಬಂತು. ನನಗೆ ಇನ್ನೊಂದು ಪೈಪಿನ ಗುತ್ತಿಗೆ ಸಿಕ್ಕಿತು. ಗಾಳಿಯ ಮೇಲಿನ ಹೊರೆ ದಿನಕ್ಕೆ ಸಾವಿರ ಟನ್ ಇಳಿಯಿತು. ಮನೆಗೆ ಹೋಗಲು ಅಕ್ಕನಿಗೆ ನನ್ನ ಕಾರು ಕೊಟ್ಟೆ. ಅವಳು ಬಸ್ಸಿಗೆ ಹೋದಳು.