ಯಾರ ಕೈಗೆ ಕೊಟ್ಟಿರಿ

ಗುರುವಾರ, ೧೭ನೇ ತಾರೀಖು
ಕಚೇರಿ, ಊಟದ ವಿರಾಮ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ‘ನಾವೆಲ್ಲ ಕ್ಷೇಮ’ ಎಂದು ಬರೆದು ಹರಿದು ಹಾಕಿದೆ. ನಿಮ್ಮ ಮನೆಯ ಸ್ಥಿತಿ ಗೊತ್ತಿದ್ದೂ ಅದನ್ನು ಬರೆಯಲು ಕೈ ಬರಲಿಲ್ಲ. ತಡವಾದದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದು.

ಭಾವನ ಕಾಲಿನ ಬಾವು ಇಳಿಯಿತೇ? ವಾರಕ್ಕೆ ಮೂರು ಸಲ ಆಗಬೇಕಾದ ಡಯಾಲಿಸಿಸ್ಸಿಗೆ ಈಗ ಎರಡೇ ಸಲ ಹೋಗುತ್ತಿದ್ದಾರೆ, ಮೂರನೆಯದಕ್ಕೆ ಮೈಯಲ್ಲಿ ತ್ರಾಣವಿಲ್ಲ ಎಂದು ಬರೆದಿದ್ದೀಯ. ಹೇಗಿರುತ್ತದೆ ಹೇಳು, ನಾಲ್ಕು ಗಂಟೆ ಬಸ್ಸು, ನಾಲ್ಕು ಗಂಟೆ ಮಂಚ, ಮತ್ತೆ ನಾಲ್ಕು ಗಂಟೆ ಬಸ್ಸು! ನಿಮ್ಮೂರ ಆಸ್ಪತ್ರೆ ಮನೆಯಿಂದ ಹತ್ತು ನಿಮಿಷದ ದಾರಿ. ಯಂತ್ರ ಅಲ್ಲೇ ಇದೆ. ಅದನ್ನು ನಡೆಸುತ್ತಿದ್ದವನಿಗೆ ವರ್ಗವಾಗಿ ಎಂಟು ತಿಂಗಳು, ಕೋಣೆಗೆ ಬೀಗ ಬಿದ್ದೂ ಎಂಟು ತಿಂಗಳು. ಇದನ್ನೆಲ್ಲ ನಿನಗೇ ಹೇಳುತ್ತಿದ್ದೇನೆ ನೋಡು, ನನ್ನ ಬುದ್ಧಿಗಿಷ್ಟು!

“ಆರೋಗ್ಯ ಇಲಾಖೆಯಲ್ಲೇ ಕೂತಿದ್ದೀಯ. ಮಂತ್ರಿ ಅಷ್ಟು ಜನರ ಮುಂದೆ ನಮಗೆ ಗೊತ್ತೇ ಇಲ್ಲ ಅಂದಾಗ ನೀನೇನು ಕತ್ತೆ ಕಾಯ್ತಿದ್ಯಾ?” ಎಂದು ಕೇಳಿದ್ದೀಯ. ಕತ್ತೆ ಕಾಯುತ್ತಿರಲಿಲ್ಲ ಅಕ್ಕಾ. ಅಲ್ಲೇ ಇದ್ದೆ, ಸದನದಲ್ಲೇ, ಸಚಿವರ ಬೆನ್ನ ಹಿಂದೆ ಅಧಿಕಾರಿಗಳ ಸಾಲಿನಲ್ಲಿ. ಅವರು ಓದಿದ ಉತ್ತರ ಬರೆದವಳೂ ನಾನೇ.

ಶಾಸಕರ ಪ್ರಶ್ನೆ ಹೇಗಿರುತ್ತದೆ ಗೊತ್ತೇ? ಮೊದಲನೆಯ ಸಾಲು, ಇಂಥ ತೊಂದರೆ ಸರ್ಕಾರದ ಗಮನಕ್ಕೆ ಬಂದಿದೆಯೇ? ಎರಡನೆಯ ಸಾಲು, ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ‘ಬಂದಿದೆ’ ಎಂದು ಬರೆದರೆ ಏನು ಮಾಡಿದೆವು ಎಂದು ಹೇಳಬೇಕು. ‘ಬಂದಿಲ್ಲ’ ಎಂದು ಬರೆದರೆ ಕೆಳಗಿನ ಸಾಲಿಗೆಲ್ಲ ‘ಉದ್ಭವಿಸುವುದಿಲ್ಲ’ ಎಂದು ತುಂಬಿಸಿ ಎದ್ದು ಹೋಗಬಹುದು. ಇಪ್ಪತ್ತೆರಡು ವರ್ಷದಿಂದ ನಾನು ತುಂಬಿಸುತ್ತಿರುವುದು ಇದನ್ನೇ. ಹಿಂದಿದ್ದ ಇಲಾಖೆಯಲ್ಲಿ ಅಂಗನವಾಡಿಗೂ ಅದೇ, ಅಂಗವಿಕಲರ ವೇತನಕ್ಕೂ ಅದೇ.

ನಿಮ್ಮ ಆಸ್ಪತ್ರೆಯ ಪ್ರಶ್ನೆ ನನ್ನ ಮೇಜಿಗೆ ಬಂದ ಕೂಡಲೇ ಎದ್ದೆ. ನಮ್ಮ ಸೂಪರಿಂಟೆಂಡೆಂಟರ ಹತ್ತಿರ ಹೋಗಿ, “ಸರ್, ಆ ಕೋಣೆಗೆ ಬೀಗ ಹಾಕಿದೆ, ನನಗೆ ಗೊತ್ತು” ಎಂದೆ.

ಕನ್ನಡಕ ಹಣೆಗೇರಿಸಿದರು. “ನಿಮಗೆ ಗೊತ್ತಾದ್ರೆ ಸರ್ಕಾರಕ್ಕೆ ಗೊತ್ತಾದ ಹಾಗಾ ತಾಯಿ? ಯಂತ್ರ ಸುಸ್ಥಿತಿಯಲ್ಲಿದೆ ಅಂತ ಕೆಳಗಿನ ಆಫೀಸಿನಿಂದ ವರದಿ ಬಂದಿದೆ. ನಮ್ಮ ಟಪಾಲು ಪುಸ್ತಕ ತೆಗೀರಿ. ಅದರಲ್ಲಿ ಒಂದೇ ಒಂದು ದೂರು ದಾಖಲಾಗಿದ್ರೆ ತೋರಿಸಿ, ‘ಬಂದಿದೆ’ ಅಂತ ನಾನೇ ಬರೀತೀನಿ.”

ದಾಖಲಾಗಿರಲಿಲ್ಲ. ಬಂದು ಕೂತು ‘ಬಂದಿಲ್ಲ, ಯಂತ್ರ ಸುಸ್ಥಿತಿಯಲ್ಲಿದೆ’ ಎಂದು ಬರೆದೆ.

ಅವತ್ತು ಟೀಚರಮ್ಮ ಎದ್ದು ನಿಂತ ರೀತಿ ನೀನು ನೋಡಬೇಕಿತ್ತು. ನಿಮ್ಮ ಶಾಸಕಿಯನ್ನು ಇಲ್ಲಿಯೂ ಎಲ್ಲರೂ ಹಾಗೇ ಕರೆಯುತ್ತಾರೆ. “ಯಂತ್ರ ಸುಸ್ಥಿತಿಯಲ್ಲಿದೆ ಅಂತೀರಿ ಸಚಿವರೇ. ಇರದೇ ಏನು? ಯಾರೂ ಮುಟ್ಟೇ ಇಲ್ವಲ್ಲ!” ಎಂದರು. ಅವರ ಕಡೆಯವರು ಮೇಜು ಕುಟ್ಟಿದರು. “ಜನ ಅರ್ಜಿ ಕೊಟ್ಟಿದ್ದಾರೆ. ಮುನ್ನೂರ ಎಂಟು ರುಜು ಇದೆ ಅದರಲ್ಲಿ. ಅದೂ ನಿಮ್ಮ ಗಮನಕ್ಕೆ ಬಂದಿಲ್ವಾ?”

ನಮ್ಮ ಸಚಿವರಿಗೆ ನಾವಿಟ್ಟ ಹೆಸರು ಸಾವಧಾನಪ್ಪ. ಮಾತುಮಾತಿಗೂ “ಸಾವಧಾನ, ಸಾವಧಾನ” ಎನ್ನುತ್ತಾರೆ. ಅವರು ಹಿಂದಕ್ಕೆ ತಿರುಗಿ ಕೈ ಚಾಚಿದರು. ಸೂಪರಿಂಟೆಂಡೆಂಟರು ನನ್ನ ಮೊಣಕೈ ತಿವಿದರು. ನಾನು ಚೀಟಿ ಬರೆದುಕೊಟ್ಟೆ: ‘ಅರ್ಜಿ ದಾಖಲಾಗಿಲ್ಲ.’

“ಸಾವಧಾನ. ಅಂಥ ಯಾವ ಅರ್ಜಿಯೂ ನಮ್ಮಲ್ಲಿ ದಾಖಲಾಗಿಲ್ಲ” ಎಂದರು ಸಚಿವರು. “ಯಾವತ್ತು ಕೊಟ್ರಿ, ಯಾರ ಕೈಗೆ ಕೊಟ್ರಿ, ಹೇಳಿ. ಈಗಲೇ ವಿಚಾರಣೆ ಮಾಡಿಸ್ತೀನಿ.”

ಟೀಚರಮ್ಮ ಕೈಯಲ್ಲಿದ್ದ ಕಾಗದ ಬಿಡಿಸಿದರು, ಮತ್ತೆ ಮಡಿಸಿದರು. “ಇಲಾಖೆಗೆ ಕೊಟ್ಟಿದ್ದೀವಿ ಅಂತ ಜನ ಹೇಳಿದ್ದಾರೆ.”

“ಹೇಳ್ತಾರೆ, ಜನ ನೂರು ಹೇಳ್ತಾರೆ. ಮಕ್ಕಳಿಗೆ ಹೋಂವರ್ಕ್ ಕೊಟ್ಟವರು ನೀವೇ ಹೀಗೆ ಹೋಂವರ್ಕ್ ಮಾಡದೆ ಬಂದ್ರೆ ಹೇಗಮ್ಮ?”

ಸದನ ಗೊಳ್ಳೆಂದಿತು. ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು. ಎಲ್ಲಾ ಸೇರಿ ಆರು ನಿಮಿಷ ಅಕ್ಕಾ. ಟೀಚರಮ್ಮ ಕೂತ ಮೇಲೂ ಆ ಕಾಗದವನ್ನು ಮಡಿಸುತ್ತಲೇ ಇದ್ದರು.

ಮನೆಗೆ ಬಂದು ಪಾತ್ರೆ ಕುಕ್ಕಿದೆ, ಇವರ ಮೇಲೆ ಹರಿಹಾಯ್ದೆ. “ನನ್ನ ಮೇಲೆ ಯಾಕೆ, ನಾನೇನು ಮಂತ್ರಿನಾ?” ಎಂದರು ಪಾಪ. ಯಾರ ಮೇಲೆ ಎಂದು ಹೇಳಲಿ? ಕೆಳಗಿನ ಆಫೀಸಿನವರು ಸುಳ್ಳು ಬರೆದಿಲ್ಲ, ಯಂತ್ರ ಸುಸ್ಥಿತಿಯಲ್ಲೇ ಇದೆ. ಸೂಪರಿಂಟೆಂಡೆಂಟರು ಪುಸ್ತಕ ನೋಡಿಯೇ ಹೇಳಿದರು. ಸಚಿವರು ಚೀಟಿ ನೋಡಿ ಓದಿದರು. ಒಬ್ಬರೂ ಸುಳ್ಳು ಹೇಳದೆ ಭಾವನನ್ನು ಬಸ್ಸಿನಲ್ಲಿ ಕೂರಿಸಿದೆವು.

“ನಿನ್ನ ಕೈಗೇ ಕೊಟ್ಟಿದ್ದೆನಲ್ಲ, ಆ ಅರ್ಜಿ ಏನಾಯ್ತು?” ಎಂದೂ ಕೇಳಿದ್ದೀಯ. ಕಚೇರಿ ಎಂದ ಮೇಲೆ ಕಾಗದಗಳು ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತವೆ.

ಭಾವನವರಿಗೆ ಉಪ್ಪು, ನೀರು ಎರಡರಲ್ಲೂ ಹಿಡಿತವಿರಲಿ. ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಚಿಕ್ಕಮ್ಮನ ಆಶೀರ್ವಾದ ಅವಳ ಜೊತೆಗಿದೆ ಎಂದು ಹೇಳು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನನ್ನು ಬಿಟ್ಟುಬಿಡಬೇಡ.

ನಿನ್ನ ತಂಗಿ,
ಪುಟ್ಟಿ

ತಾಜಾಕಲಂ: ಕಾಗದಗಳು ಸಿಕ್ಕಿಕೊಳ್ಳುತ್ತವೆ ಎಂದು ಮೇಲೆ ಬರೆದ ಸಾಲನ್ನು ಹೊಡೆದು ಹಾಕೋಣವೆಂದುಕೊಂಡೆ. ಇರಲಿ, ನಾನು ಎಂಥವಳು ಎಂದು ನಿನಗೂ ತಿಳಿಯಲಿ. ಅರ್ಜಿ ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿತ್ತು. ನೀನು ಕೊಟ್ಟ ತಿಂಗಳೇ ನನ್ನ ಬಡ್ತಿಯ ಕಡತ ಮೇಲೆ ಹೋಗಿತ್ತು. ಮೊದಲ ರುಜುವೇ ಭಾವನದು, ಮನೆಯವರ ಕೆಲಸ ಮಾಡಿಕೊಳ್ಳುತ್ತಾಳೆ ಎಂದು ಆಡಿಕೊಂಡಾರು, ಆದೇಶ ಬರಲಿ, ಆಮೇಲೆ ದಾಖಲಿಸಿದರಾಯಿತು ಎಂದು ಒಳಗಿಟ್ಟೆ. ಆದೇಶ ಬಂತು. ಅಷ್ಟರಲ್ಲಿ ಅರ್ಜಿ ಹಳೆಯದಾಗಿತ್ತು, ಇಷ್ಟು ದಿನ ಎಲ್ಲಿತ್ತು ಎಂದು ಕೇಳುತ್ತಾರೆಂದು ಹೆದರಿದೆ. ಹೀಗೇ ಏಳು ತಿಂಗಳು. ಚೀಟಿ ಬರೆಯುವಾಗಲೂ ಅದು ಅಲ್ಲೇ ಇತ್ತು.

ತಂಗಿಗೆ ತೊಂದರೆಯಾದೀತೆಂದು ನೀನು ಟೀಚರಮ್ಮನಿಗೂ ನನ್ನ ಹೆಸರು ಹೇಳಲಿಲ್ಲ. ಅವರು ಅಷ್ಟು ಜನರ ಮುಂದೆ ಬಾಯಿ ಕಟ್ಟಿ ನಿಂತದ್ದು ಅದಕ್ಕೇ.

ಇವತ್ತು ಬೆಳಿಗ್ಗೆ ದಾಖಲಿಸಿದೆ. ನೀನು ಕೊಟ್ಟ ತಾರೀಖು, ಇವತ್ತಿನ ತಾರೀಖು, ನಡುವೆ ಅರ್ಜಿ ಎಲ್ಲಿತ್ತು, ಮೂರನ್ನೂ ಬರೆದು ರುಜು ಹಾಕಿದ್ದೇನೆ. ಸ್ವೀಕೃತಿ ಪತ್ರ ಇದರ ಜೊತೆಗಿದೆ, ಟೀಚರಮ್ಮನಿಗೆ ತಲುಪಿಸು. ಬರುವ ಮಂಗಳವಾರ ಮತ್ತೆ ನಮ್ಮ ಇಲಾಖೆಯ ಸರದಿ. ಯಾರ ಕೈಗೆ ಕೊಟ್ಟಿರಿ ಎಂದು ಸಚಿವರು ಕೇಳಿದ್ದರಲ್ಲ, ಈ ಸಲ ಟೀಚರಮ್ಮ ಹೇಳಲಿ. ಸಚಿವರ ಬೆನ್ನ ಹಿಂದೆ, ಎಡಗಡೆಯಿಂದ ಎರಡನೆಯ ಕುರ್ಚಿ. ನಾನು ಅಲ್ಲೇ ಕೂತಿರುತ್ತೇನೆ.