ಮುಚ್ಚದೆ ಉಳಿದ ನಗು

ಕರಾಮ, ಸೋಮವಾರ

ಪ್ರೀತಿಯ ಅಶ್ಮಿತಾ,

ನಿನ್ನ ಕ್ಲಿನಿಕ್ಕಿನ ಜಾಹೀರಾತಿನ ವಿಡಿಯೋ ನೋಡಿದೆ. ಕೊಟ್ಟ ಮಾತಿನಂತೆ ನನ್ನ ಹೆಸರು ಹಾಕಿಲ್ಲ, ಮುಖವನ್ನೂ ಮಸುಕು ಮಾಡಿದ್ದೀಯ. ಸಂತೋಷ. ಆದರೆ ಕಿವಿಗೆ ಕೇಳುವ ಮಷಿನ್ ಇಟ್ಟ ಕೂಡಲೇ ನಾನು ನಕ್ಕದ್ದನ್ನು ಹಾಗೇ ಬಿಟ್ಟಿದ್ದೀಯಲ್ಲ ಮಾರಾಯ್ತಿ! ನಿನ್ನೆ ಇಗರ್ಜಿಯಲ್ಲಿ ನಮ್ಮ ಪಕ್ಕದ ಮನೆಯ ವೆಲಿಟಾ ಎಲ್ಲರೆದುರು, "ಆಂಟಿ, ವಿಡಿಯೋದಲ್ಲಿ ಆ ನಗು ನಿಮ್ಮದೇ ಅಲ್ವಾ? ನಿಮ್ಗೆ ಕಿವಿ ಕೇಳುದಿಲ್ವಾ?" ಎಂದು ಕೇಳಿಯೇಬಿಟ್ಟಳು. ಇಷ್ಟು ವರ್ಷ ಯಾರಿಗೂ ಗೊತ್ತಾಗದ ಹಾಗೆ ಬರೀ ತಲೆಯಾಡಿಸಿ ಸಂಭಾಳಿಸಿದ್ದೆ. ಈಗ ಎಲ್ಲ ಖಲಾಸ್.

ದಯವಿಟ್ಟು ವಿಡಿಯೋದಿಂದ ಆ ನಗುವಿನ ಧ್ವನಿ ತೆಗೆದುಬಿಡು. ತೆಗೆಯುವ ಮೊದಲು, ಧ್ವನಿ ಇರುವ ಒಂದು ಪ್ರತಿಯನ್ನು ನನಗೆ ಕಳಿಸು. ನಾನು ಹೀಗೆ ನಗುತ್ತೇನೆಂಬುದು ನನಗೇ ಮರೆತುಹೋಗಿತ್ತು.

ನಿನ್ನ
ಎಮಿಲಿಯಾ ಆಂಟಿ