ನಗುವಿಗೆ ಸಿಕ್ಕ ರೇಟು

ಹೋಟೆಲಿನ ಕೋಣೆ
ಬುಧವಾರ, ಹದಿನಾಲ್ಕನೇ ತಾರೀಖು

ನನ್ನ ಮುದ್ದಿನ ಅಕ್ಕಾ,

ಲಕೋಟೆ ನೋಡಿ ಹೌಹಾರಿಬಿಟ್ಟೆಯಾ? ಗಾಬರಿಯಾಗಬೇಡ, ಇಬ್ಬರೂ ಚೆನ್ನಾಗಿದ್ದೇವೆ. ಹಾಳೆ, ಲಕೋಟೆ, ಪೆನ್ನು ಎಲ್ಲ ಕೋಣೆಯ ಮೇಜಿನ ಮೇಲೆ ಪುಕ್ಕಟೆ ಸಿಕ್ಕವು. ಸೋಪು, ಶಾಂಪೂ, ಸಕ್ಕರೆ ಪೊಟ್ಟಣಗಳನ್ನೆಲ್ಲ ಇವರು ಬಂದ ದಿನವೇ ಸೂಟ್‌ಕೇಸಿಗೆ ತುಂಬಿದರು. ಹಾಳೆಗಳು ಮಾತ್ರ ಕಣ್ಣಿಗೆ ಬೀಳಲಿಲ್ಲ. ನನ್ನ ಒತ್ತಕ್ಷರ ತಪ್ಪಿದ್ದರೆ ನಗಬೇಡ. ಇಂಗ್ಲಿಷಿನಲ್ಲಿ ಬರೆದರೆ ಹಿಂದಿನಿಂದ ಬಗ್ಗಿ ಓದಿಬಿಡುತ್ತಾರೆ; ಕನ್ನಡ ಓದುವಷ್ಟು ತಾಳ್ಮೆ ಅವರಿಗಿಲ್ಲ.

ಫೋನು ಮಾಡೋಣವೆಂದರೆ ನಮ್ಮಿಬ್ಬರಿಗೂ ಸೇರಿ ಒಂದೇ ಸಿಮ್ಮು, ಅದೂ ಇವರ ಫೋನಿನಲ್ಲಿ. ನಾನು ಮಾತಾಡುವಾಗ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಮೊನ್ನೆ ನೀನು "ಖುಷಿಯಾಗಿದ್ದೀಯೇನೇ?" ಎಂದಾಗ ಅಷ್ಟು ಜೋರಾಗಿ "ತುಂಬಾ!" ಎಂದದ್ದು.

ಖುಷಿಯಾಗಿಯೇ ಇದ್ದೇನೆ ಕಣೇ! ಕೋಣೆ ಎಷ್ಟು ಚೆಂದವಿದೆ ಗೊತ್ತಾ? ಟವೆಲುಗಳನ್ನು ಹಂಸದ ಹಾಗೆ ಮಡಚಿ ಹಾಸಿಗೆಯ ಮೇಲಿಟ್ಟಿದ್ದರು. ನನ್ನ ಹಂಸವನ್ನು ಬಿಚ್ಚಲು ಮನಸ್ಸಾಗದೆ ಮೊದಲ ದಿನ ಇವರ ಒದ್ದೆ ಟವೆಲಿನಲ್ಲೇ ಮೈ ಒರೆಸಿಕೊಂಡೆ. "ಹುಚ್ಚಿ" ಎಂದು ಕೆನ್ನೆ ಹಿಂಡಿದರು. ಆ ಹಿಂಡಿದ ಜಾಗವನ್ನು ಕನ್ನಡಿಯಲ್ಲಿ ಎಷ್ಟೋ ಹೊತ್ತು ನೋಡಿಕೊಂಡೆ. ನಗುತ್ತೀಯ, ನಗು.

"ಹುಡುಗ ದುಡ್ಡಿನ ವಿಷಯದಲ್ಲಿ ಪಕ್ಕಾ" ಎಂದು ಭಾವ ಅಂದಿದ್ದರಲ್ಲ, ಹೋಗಿ ಅವರಿಗೆ ಹೇಳು, ಹಂಡ್ರೆಡ್ ಪರ್ಸೆಂಟ್ ನಿಜ. ವಿಮಾನ ನಿಲ್ದಾಣದಲ್ಲಿ ಹಣ ಬದಲಾಯಿಸುವವರು ಹಗಲುದರೋಡೆ ಮಾಡುತ್ತಾರಂತೆ. ಹಾಗಾಗಿ ಅಲ್ಲಿ ಒಂದು ನೋಟನ್ನೂ ಬದಲಾಯಿಸಲಿಲ್ಲ. ಕೈಯಲ್ಲಿ ಇಲ್ಲಿನ ಚಿಲ್ಲರೆ ಇಲ್ಲದೆ ಬಸ್ಸೂ ಇಲ್ಲ, ಟ್ಯಾಕ್ಸಿಯೂ ಇಲ್ಲ. ಸೂಟ್‌ಕೇಸು ಎಳೆದುಕೊಂಡು ನಡೆದೇ ನಡೆದೆವು. ನೀನು ಕೊಡಿಸಿದ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಬೊಬ್ಬೆ ಎದ್ದಿತು. ಎಟಿಎಂನಲ್ಲೂ ಅಷ್ಟೆ. ಪ್ರತಿ ಸಲ ತೆಗೆದಾಗಲೂ ಬ್ಯಾಂಕಿನವರು ಕತ್ತರಿಸಿಕೊಳ್ಳುತ್ತಾರೆಂದು ತೆಗೆಯುವುದೇ ಇಲ್ಲ. ಮನೆಯಿಂದ ತಂದ ನೋಟುಗಳನ್ನು ಅಂಗಿಯೊಳಗಿನ ಚೀಲದಲ್ಲಿ ಕಟ್ಟಿಕೊಂಡು, ಬೀದಿಬೀದಿಯ ಕೌಂಟರುಗಳ ಬೋರ್ಡು ಓದುತ್ತಾ ಹೋಗುತ್ತೇವೆ. ಸಂಜೆ ಸಮುದ್ರದ ಮುಂದೆ ಕೂತಿದ್ದಾಗ "ಇಳೀತಾ ಇದೆ ನೋಡು" ಎಂದರು. ಸೂರ್ಯನನ್ನು ನೋಡಿ ನಾನು "ಎಷ್ಟು ಚೆಂದ ಅಲ್ವಾ!" ಎಂದೆ. ಅವರು ಫೋನಿನಲ್ಲಿ ರೇಟು ನೋಡುತ್ತಿದ್ದರು.

ಅಂದಹಾಗೆ ನನ್ನ ಬ್ಯಾಂಕ್ ಕಾರ್ಡು ಇವರ ಬಳಿಯೇ ಇದೆ. ಮದುವೆಗೆ ಮೊದಲು ನನ್ನ ಕೈಯಲ್ಲಿ ಹೊಸ ಖಾತೆ ತೆರೆಸಿದರಲ್ಲ, ಆ ಕಾರ್ಡಿಗೆ ಹೊರದೇಶದಲ್ಲಿ ಶುಲ್ಕವಿಲ್ಲವಂತೆ. ಹೋಟೆಲಿಗೆ, ಊಟಕ್ಕೆ ಎಲ್ಲಕ್ಕೂ ಅದನ್ನೇ ಉಜ್ಜುತ್ತಾರೆ. ಶಾಲೆಯಲ್ಲಿ ಗಂಟಲು ಹರಿದುಕೊಂಡು ದುಡಿದದ್ದು ಇಲ್ಲಿ ಹೀಗೆ ಹಂಸವಾಗಿ ಕೂತಿದೆ. ಅತ್ತೆಗೆ ಮಾತ್ರ ಫೋನಿನಲ್ಲಿ "ಎಲ್ಲಾ ನಂದೇ ಖರ್ಚು ಕಣಮ್ಮಾ, ಅವಳ ಹತ್ರ ಏನಿದೆ?" ಎನ್ನುತ್ತಿದ್ದರು. ಅಮ್ಮನ ಮುಂದೆ ಗಂಡಸರು ಹಾಗೆ ಜಂಬ ಕೊಚ್ಚಿಕೊಳ್ಳುತ್ತಾರೇನೋ. ಭಾವನೂ ಹಾಗೆಯೇನೇ?

ನಿನಗೆ ಒಂದು ಸ್ಕಾರ್ಫು ತೆಗೆದಿದ್ದೆ. ನವಿಲುಗರಿಯ ಬಣ್ಣ, ಮುಟ್ಟಿದರೆ ಬೆಣ್ಣೆ. ಕಾರ್ಡು ಉಜ್ಜುವ ಯಂತ್ರ ನಿಮ್ಮ ದೇಶದ ಹಣವೋ ಇಲ್ಲಿನ ಹಣವೋ ಎಂದು ಕೇಳಿತು. ಇಷ್ಟು ದೂರದಲ್ಲಿ ನಮ್ಮ ಹಣದ ಹೆಸರು ಕಂಡಿತಲ್ಲ, ಊರಿನವರು ಎದುರು ಸಿಕ್ಕಷ್ಟು ಸಂತೋಷವಾಗಿ ಅದನ್ನೇ ಒತ್ತಿಬಿಟ್ಟೆ. ಅದೇ ತಪ್ಪಂತೆ. ಹಾಗೆ ಒತ್ತಿದರೆ ಅಂಗಡಿಯವರು ತಮಗೆ ಬೇಕಾದ ರೇಟು ಹಾಕುತ್ತಾರಂತೆ. "ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದೀಯ, ಎರಡು ಸಾಲು ಓದಕ್ಕೆ ಬರಲ್ವಾ?" ಎಂದು ಅಂಗಡಿಯ ಹುಡುಗಿಯ ಮುಂದೆಯೇ ಕೇಳಿದರು. ಭಾಷೆ ಬಾರದಿದ್ದರೂ ಅವಳಿಗೆ ಎಲ್ಲ ಅರ್ಥವಾಯಿತು. ಸ್ಕಾರ್ಫು ವಾಪಸು ಹೋಯಿತು. ಇಡೀ ದಿನ ಇವರು ನನ್ನ ಜೊತೆ ಮಾತಾಡಲಿಲ್ಲ, ಅಕ್ಕಾ. ನಾನೇ ಮೇಲೆ ಬಿದ್ದು ಸಾರಿ ಕೇಳಿದೆ.

ಆದರೆ ಮರುದಿನ ನೋಡು ಮಜಾ! ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹಣ ಬದಲಾಯಿಸುವ ಒಂದು ಗೂಡಂಗಡಿ. ಗಾಜಿನ ಹಿಂದೆ ಕೂತಿದ್ದ ದಪ್ಪ ಮೀಸೆಯವನು ನನ್ನ ಪಾಸ್‌ಪೋರ್ಟಿನ ಫೋಟೋ ನೋಡಿ, ಮುಖ ನೋಡಿ, ಇದು ನೀವಲ್ಲ ಎಂಬಂತೆ ತಲೆಯಾಡಿಸಿದ. ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕು ಬೋರ್ಡಿನ ರೇಟಿಗಿಂತ ಒಂದಿಷ್ಟು ಹೆಚ್ಚೇ ಕೊಟ್ಟ. ಹೊರಗೆ ಬಂದದ್ದೇ ಇವರು ನನ್ನನ್ನು ನಡುಬೀದಿಯಲ್ಲಿ ಎತ್ತಿ ತಿರುಗಿಸಿದರು! "ನಿನ್ನ ನಗೂಗೆ ಇಷ್ಟು ಬೆಲೆ ಇದೆ ಅಂತ ಗೊತ್ತಿರಲಿಲ್ಲ ಕಣೇ" ಎಂದರು. ಐಸ್‌ಕ್ರೀಂ ಕೊಡಿಸಿದರು. ಮದುವೆಯಾದ ಮೇಲೆ ನನಗೆ ಅಷ್ಟು ಸಂತೋಷವಾದದ್ದು ಅವತ್ತೇ.

ನಿನ್ನೆ ಮತ್ತೆ ಕಳಿಸಿದರು. "ನಾನು ಪಕ್ಕದಲ್ಲಿದ್ರೆ ಅವನು ಬಿಗಿ ಹಿಡೀತಾನೆ. ಒಬ್ಬಳೇ ಹೋಗು. ಆ ನೀಲಿ ಡ್ರೆಸ್ ಹಾಕ್ಕೋ. ಉಂಗುರ ತೆಗೆದಿಡು" ಎಂದರು. ತೆಗೆದೆ. ಬೆರಳು ಊದಿತ್ತೇನೋ, ಸೋಪು ಹಚ್ಚಿ ಎಳೆದೆ. ಮೀಸೆಯವನು ಗಾಜಿನ ಕೆಳಗಿನ ಸಂದಿಯಿಂದ ನೋಟು ಕೊಡುತ್ತಾ ನನ್ನ ಕೈ ಹಿಡಿದ. ಬಿಡಲಿಲ್ಲ. ಹೆಬ್ಬೆರಳಿನಿಂದ ಅಂಗೈ ತಿಕ್ಕುತ್ತಾ, ಹರಕುಮುರುಕು ಇಂಗ್ಲಿಷಿನಲ್ಲಿ, ಯಾವ ಹೋಟೆಲು ಎಂದ. ಹೊರಗೆ ನಿಂತಿರುವುದು ನಿನ್ನ ಅಣ್ಣನಾ ಎಂದ. ನಾನು ನಗುತ್ತಲೇ ಇದ್ದೆ, ಅಕ್ಕಾ. ನಿಲ್ಲಿಸುವುದು ಹೇಗೆಂದು ಗೊತ್ತಾಗಲಿಲ್ಲ.

ಎದುರಿನ ಮೂಲೆಯಲ್ಲಿ ನಿಂತಿದ್ದ ಇವರಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡು, "ಎಷ್ಟು ಕೊಟ್ಟ?" ಎಂದರು. ನೋಟು ಎಣಿಸಿದರು. "ನೋಡಿದ್ಯಾ, ಇನ್ನೂ ಜಾಸ್ತಿ!" ಎಂದರು. ನಾನು ಅಳುತ್ತಿದ್ದುದು ಆಮೇಲೆ ಕಂಡಿತು. "ಕೈ ಮುಟ್ಟಿದ್ರೆ ಸವೆದು ಹೋಗ್ತೀಯಾ? ಉಳಿದಿದ್ದನ್ನೂ ನಾಡಿದ್ದು ಅಲ್ಲೇ ಮಾಡಿಸಿಬಿಡೋಣ" ಎಂದು ಬೆನ್ನು ತಟ್ಟಿದರು.

ನಾಡಿದ್ದು ಎಂದರೆ ನಾಳೆ.

ತಮಾಷೆಗೆ ಅಂದಿರಬೇಕು. ಒಳ್ಳೆಯವರೇ ಕಣೇ, ದುಡ್ಡು ಉಳಿಸುವುದೂ ನಮ್ಮಿಬ್ಬರಿಗಾಗಿಯೇ ತಾನೆ? ಅಮ್ಮ ಬೀದಿಯವರಿಗೆಲ್ಲ ಅಳಿಯನ ವಿದೇಶ ಪ್ರವಾಸದ ಸುದ್ದಿ ಹೇಳಿಕೊಂಡು ತಿರುಗುತ್ತಿದ್ದಾಳಂತೆ. ಅವಳಿಗೆ ಈ ಕಾಗದ ಓದಿ ಹೇಳುವಾಗ ಮೀಸೆಯವನ ಭಾಗ ಬಿಟ್ಟುಬಿಡು. ಹಂಸದ ಭಾಗ ಎರಡು ಸಲ ಓದು.

ಭಾವನಿಗೆ ನಮಸ್ಕಾರ. ನಿನಗೆ ಮುತ್ತು, ಮುತ್ತು, ಇನ್ನೊಂದು ಮುತ್ತು.

ಯಾವಾಗಲೂ ನಗುವ, ಅದಕ್ಕೇ ನೀನು ಹೆಸರಿಟ್ಟ
ನಿನ್ನ ಕಿಲಕಿಲ

ತಾ.ಕ.: ಗುರುವಾರ. ಇದನ್ನು ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ನೀಲಿ ಡ್ರೆಸ್ಸು ಹಾಕಿಕೊಂಡೆ. ಪಾಸ್‌ಪೋರ್ಟು, ನೋಟಿನ ಕಟ್ಟು ಕೊಟ್ಟರು. ಕಾರ್ಡಿನ ಮೇಲೆ ತೆಗೆದರೆ ಮೀಸೆಯವನು ಇನ್ನೂ ಒಳ್ಳೆಯ ರೇಟು ಕೊಡುತ್ತಾನಂತೆ ಎಂದು ಸುಳ್ಳು ಹೇಳಿದೆ. ಒಂದು ಪ್ರಶ್ನೆ ಕೇಳದೆ ನನ್ನ ಕಾರ್ಡು ನನಗೆ ಕೊಟ್ಟು, ಗೂಡಂಗಡಿಯ ಎದುರಿನ ಕಾಫಿ ಅಂಗಡಿಯಲ್ಲಿ ಕೂತಿರುತ್ತೇನೆ ಎಂದು ಮುಂದೆ ಹೋದರು. ನೋಟಿನ ಕಟ್ಟನ್ನು ಲಕೋಟೆಗೆ ಹಾಕಿ ಹೋಟೆಲಿನ ಸ್ವಾಗತದ ಹುಡುಗಿಯ ಹತ್ತಿರ ಅವರ ಹೆಸರಿಗೆ ಬಿಟ್ಟೆ, ಉಂಗುರವನ್ನೂ. ಸೂಟ್‌ಕೇಸು ಕೋಣೆಯಲ್ಲೇ ಇದೆ.

ಟಿಕೆಟ್ ಕೌಂಟರಿನ ಯಂತ್ರ ಮತ್ತೆ ಅದೇ ಪ್ರಶ್ನೆ ಕೇಳಿತು. ನಮ್ಮ ಹಣವನ್ನೇ ಒತ್ತಿದೆ. ರೇಟು ನೋಡಲಿಲ್ಲ.

ಈ ಕಾಗದಕ್ಕಿಂತ ಮೊದಲು ನಾನೇ ಬಂದಿರುತ್ತೇನೆ. ಬಾಗಿಲಲ್ಲಿ ನೀನು ಏನಾಯಿತೆಂದು ಕೇಳಿದರೆ ನಗುತ್ತಾ, ಎಲ್ಲ ತುಂಬಾ ಚೆನ್ನಾಗಿತ್ತು ಎಂದುಬಿಡುತ್ತೇನೆ, ನನ್ನ ಬುದ್ಧಿ ನಿನಗೆ ಗೊತ್ತು. ಅವರು ಫೋನು ಮಾಡಿ ಕರೆದರೆ ಹೊರಟೂಬಿಡುತ್ತೇನೇನೋ. ಅಂಚೆಯವನು ಬರುವವರೆಗೆ ನನ್ನನ್ನು ಎಲ್ಲಿಗೂ ಕಳಿಸಬೇಡ, ಅಕ್ಕಾ.